ಒಂದು ಸಾಲಿನಿಂದ ಶುರು: ಸ್ಟ್ಯಾಂಪ್ ಮತ್ತು ಡೈ ಕಟ್ ಬಳಸಿ ಕೈಯಾರೆ ಗ್ರೀಟಿಂಗ್ ಕಾರ್ಡ್ ಮಾಡುವ ಸಮಗ್ರ ಮಾರ್ಗದರ್ಶಿ

ಇಂಕು, ಡೈ (ಹಾಳೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಉಕ್ಕಿನ ಅಚ್ಚು), ಬಣ್ಣದ ಹಾಳೆ ಎಲ್ಲವನ್ನೂ ಸ್ವಲ್ಪ ಹೊತ್ತು ಬದಿಗಿಡಿ. ಒಂದು ಚೀಟಿ ತೆಗೆದುಕೊಂಡು ಈ ಕಾರ್ಡ್ ಯಾರಿಗೆ, ಅವರಿಗೆ ಏನು ಹೇಳಬೇಕು ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. "ನೀವು ಗುಣವಾಗಿ ಮನೆಗೆ ಬಂದ ಸುದ್ದಿ ಕೇಳಿ ಮನಸ್ಸು ಹಗುರಾಯಿತು." "ಆ ದಿನ ನೀನು ಜೊತೆಗಿದ್ದೆ, ನಾನು ಮರೆತಿಲ್ಲ." ಹೀಗೆ. ಕಾರ್ಡ್ ಮಾಡುವವರಲ್ಲಿ ಹೆಚ್ಚಿನವರು ಚೆಂದದ ಸ್ಟ್ಯಾಂಪ್ (ಇಂಕು ಹಚ್ಚಿ ಚಿತ್ರ ಒತ್ತುವ ಅಚ್ಚು) ಒಂದನ್ನು ಎತ್ತಿಕೊಂಡು ಕೆಲಸ ಆರಂಭಿಸುತ್ತಾರೆ. ಎಲ್ಲ ಮುಗಿದ ಮೇಲೆ, ಇದರೊಳಗೆ ಏನು ಬರೆಯಲಿ ಎಂದು ಪೆನ್ನು ಹಿಡಿದು ಕೂರುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದೆ. ಸಾಲನ್ನು ಮೊದಲು ಬರೆಯಲು ಆರಂಭಿಸಿದ ಮೇಲೆ ಕಾರ್ಡಿನ ಬಣ್ಣ, ಹೂವು, ಎಷ್ಟು ಜಾಗ ಖಾಲಿ ಬಿಡಬೇಕು ಎಂಬ ಪ್ರಶ್ನೆಗಳೆಲ್ಲ ತಾವಾಗಿಯೇ ಬಗೆಹರಿಯತೊಡಗಿದವು. ಗುಣವಾಗಿ ಬಂದವರಿಗೆ ತಿಳಿಹಸಿರು ಎಲೆಗಳು ಸಾಕು, ಕಡುಗೆಂಪು ಹೂಗುಚ್ಛ ಬೇಡ ಎಂಬುದು ಆ ಸಾಲನ್ನು ಓದಿದಾಗಲೇ ಗೊತ್ತಾಗುತ್ತದೆ.

ಮುದ್ರಿತ ಕ್ರಿಸ್‌ಮಸ್ ಕಾರ್ಡ್ ಹುಟ್ಟಿದ್ದೇ ಬರೆಯಲು ಪುರುಸೊತ್ತಿಲ್ಲದ ಕಾರಣಕ್ಕೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು, ಎಲ್ಲರಿಗೂ ಕೈಬರಹದ ಪತ್ರ ಬರೆಯಲು ಸಮಯ ಸಾಲದೆ, ಕಲಾವಿದ ಜಾನ್ ಕಾಲ್ಕಾಟ್ ಹಾರ್ಸ್ಲಿ ಅವರಿಂದ ಕ್ರಿಸ್‌ಮಸ್ ಕಾರ್ಡ್ ಬರೆಸಿ ಅಚ್ಚು ಹಾಕಿಸಿದರು. ಯಾರಿಗೆ, ಯಾರಿಂದ ಎಂದು ತುಂಬಲು ಮಾತ್ರ ಅದರಲ್ಲಿ ಜಾಗವಿತ್ತು. ಕೈಯಾರೆ ಕಾರ್ಡ್ ಮಾಡುವವರು ಹೊರಟಿರುವುದು ಇದರ ವಿರುದ್ಧ ದಿಕ್ಕಿಗೆ. ಒಬ್ಬರಿಗಾಗಿ ಎರಡು ಗಂಟೆ ಕೊಡಲು ನಾವು ಸಿದ್ಧರಿದ್ದೇವೆ. ಆ ಎರಡು ಗಂಟೆ ವ್ಯರ್ಥವಾಗದಂತೆ ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಒಂದೇ ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ: ಹಿನ್ನೆಲೆಯಲ್ಲಿ ಮಸುಕು ಬಣ್ಣ, ನಡುವೆ ಬಣ್ಣ ತುಂಬಿದ ಹೂಗೊಂಚಲು, ಅದರ ಅಡಿಯಿಂದ ಇಣುಕುವ ಡೈ ಕಟ್ ಎಲೆಗಳು, ಕೆಳಗೆ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ.

ಏನೇನು ಬೇಕು

ಬೇಕೇ ಬೇಕಾದವು ಕಡಿಮೆ. ದಪ್ಪ ಕಾರ್ಡ್‌ಸ್ಟಾಕ್ ಹಾಳೆ, ಒಂದೆರಡು ಸ್ಟ್ಯಾಂಪ್, ಸ್ಟ್ಯಾಂಪ್ ಅಂಟಿಸಿಕೊಳ್ಳಲು ಅಕ್ರಿಲಿಕ್ ಬ್ಲಾಕ್, ಒಂದು ಒಳ್ಳೆಯ ಕಪ್ಪು ಇಂಕ್ ಪ್ಯಾಡ್, ಸ್ಟೀಲ್ ಸ್ಕೇಲ್, ಹರಿತವಾದ ಕಟರ್, ಅಂಟು, ತುಂಡುಗಳನ್ನು ಎತ್ತರಿಸಿ ಅಂಟಿಸುವ ಫೋಮ್ ಟೇಪ್. ಡೈ ಕಟ್ ಮಾಡಲು ಡೈಗಳು ಮತ್ತು ಅವನ್ನು ಒತ್ತುವ ಯಂತ್ರ. ಕೈಹಿಡಿಕೆ ತಿರುಗಿಸುವ ಯಂತ್ರವೂ ಇದೆ, ವಿದ್ಯುತ್ತಿನಿಂದ ನಡೆಯುವುದೂ ಇದೆ. ಆರಂಭಕ್ಕೆ ಕೈಯಂತ್ರವೇ ಮೇಲು, ಏಕೆಂದರೆ ಹಾಳೆ ಎಷ್ಟು ಒತ್ತಡ ಕೇಳುತ್ತಿದೆ ಎಂಬುದು ಹಿಡಿಕೆ ತಿರುಗಿಸುವ ಕೈಗೆ ತಿಳಿಯುತ್ತದೆ. ಯಂತ್ರವೇ ಇಲ್ಲದಿದ್ದರೂ ಕತ್ತರಿಯಲ್ಲಿ ಮಾಡಬಹುದು. ಆ ಮಾತು ಮುಂದೆ ಬರುತ್ತದೆ.

ಕೈಯಲ್ಲಿರುವ ಹಣಕ್ಕೆ ಮಿತಿಯಿದ್ದರೆ ಮೊದಲು ಒಳ್ಳೆಯ ಹಾಳೆಗೆ ಖರ್ಚು ಮಾಡಿ, ಆಮೇಲೆ ಒಳ್ಳೆಯ ಇಂಕಿಗೆ. ಸಾಧಾರಣ ಸ್ಟ್ಯಾಂಪ್ ಒಳ್ಳೆಯ ಹಾಳೆಯ ಮೇಲೆ ಚೆನ್ನಾಗಿಯೇ ಮೂಡುತ್ತದೆ. ಕೆಟ್ಟ ಹಾಳೆಯ ಮೇಲೆ ದುಬಾರಿ ಸ್ಟ್ಯಾಂಪ್ ಒತ್ತಿದರೂ ಗೆರೆಗಳು ಹರಡಿಕೊಳ್ಳುತ್ತವೆ.

ಮೊದಲ ಹಂತ: ಹಾಳೆ ಕತ್ತರಿಸಿ ಮಡಿಸುವುದು

ಕಾರ್ಡಿನ ಬುಡಕ್ಕೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ದಪ್ಪದ ಹಾಳೆ ಬೇಕು. ಇದಕ್ಕಿಂತ ತೆಳುವಾದರೆ ಮುಂಭಾಗದ ಭಾರಕ್ಕೆ ಕಾರ್ಡ್ ನಿಲ್ಲದೆ ಜಾರುತ್ತದೆ. ಎ4 ಹಾಳೆ 210 × 297 ಮಿಲಿಮೀಟರ್ ಇರುತ್ತದೆ. ಉದ್ದದ ಬದಿಯನ್ನು 148.5 ಮಿ.ಮೀ.ಗೆ ಕತ್ತರಿಸಿದರೆ ಎರಡು ಸಮ ತುಂಡುಗಳು ಸಿಗುತ್ತವೆ. ಒಂದೊಂದನ್ನೂ 105 ಮಿ.ಮೀ.ನಲ್ಲಿ ಮಡಿಸಿದರೆ ಎ6 ಅಳತೆಯ ಎರಡು ಕಾರ್ಡುಗಳಾದವು. ಸಿ6 ಲಕೋಟೆ 114 × 162 ಮಿ.ಮೀ. ಇರುವುದರಿಂದ ಅದರೊಳಗೆ ಈ ಕಾರ್ಡ್ ಸಲೀಸಾಗಿ ಕೂರುತ್ತದೆ. ಈ ಒಂದು ಅಳತೆಗೆ ಅಂಟಿಕೊಂಡರೆ ಲಕೋಟೆಯ ಚಿಂತೆ ಇರುವುದಿಲ್ಲ.

ಮಡಿಸುವ ಮುನ್ನ ಹಾಳೆಯ ಎಳೆಯ ದಿಕ್ಕು ನೋಡಿಕೊಳ್ಳಿ. ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಾಗುತ್ತದೆಯೋ ಮಡಿಕೆಯ ಗೆರೆ ಆ ದಿಕ್ಕಿನಲ್ಲಿ ಬರಬೇಕು. ಎಳೆಗೆ ಅಡ್ಡವಾಗಿ ಮಡಿಸಿದರೆ ಬಣ್ಣದ ಹಾಳೆಯಲ್ಲಿ ಮಡಿಕೆಯುದ್ದಕ್ಕೂ ಬಿಳಿ ನಾರು ಬಿರಿದು ಕಾಣುತ್ತದೆ.

ದಪ್ಪ ಹಾಳೆಯನ್ನು ನೇರವಾಗಿ ಮಡಿಸಬಾರದು. ಸ್ಟೀಲ್ ಸ್ಕೇಲ್ ಇಟ್ಟು ಬೋನ್ ಫೋಲ್ಡರ್ ಎಂಬ, ಮಡಿಕೆ ತೀಡುವ ಚಪ್ಪಟೆ ಸಾಧನದ ಮೊಂಡು ತುದಿಯಿಂದ, ಅದು ಇಲ್ಲದಿದ್ದರೆ ಇಂಕು ಮುಗಿದ ಬಾಲ್ ಪೆನ್ನಿನಿಂದ, ಎರಡು ಸಲ ಹಗುರವಾಗಿ ಗೀರಿ. ಒಂದೇ ಸಲಕ್ಕೆ ಒತ್ತಿ ಗೀರಿದರೆ ಹಾಳೆ ಹರಿಯುತ್ತದೆ. ಗೀರಿದ ಕಡೆ ಹಳ್ಳ, ಅದರ ಹಿಂಬದಿಯಲ್ಲಿ ಸಣ್ಣ ಏರು ಮೂಡುತ್ತದೆ. ಆ ಏರು ಕಾರ್ಡಿನ ಒಳಭಾಗಕ್ಕೆ ಬರುವಂತೆ ಮಡಿಸಬೇಕು. ಹಲವರು ಹಳ್ಳವೇ ಒಳಗಿರಬೇಕೆಂದು ತಿಳಿದು ತಿರುಗಾಮುರುಗಾ ಮಡಿಸುತ್ತಾರೆ, ಮಡಿಕೆ ಏಕೆ ಉಬ್ಬಿತು ಎಂದು ಹಾಳೆಯನ್ನು ದೂರುತ್ತಾರೆ. ಮಡಿಸಿದ ಮೇಲೆ ಬೋನ್ ಫೋಲ್ಡರಿನ ಅಗಲವಾದ ಬದಿಯಿಂದ ಒಮ್ಮೆ ತೀಡಿ.

ಇದೇ ಹೊತ್ತಿಗೆ ಮುಂಭಾಗದ ಫಲಕವನ್ನೂ ಕತ್ತರಿಸಿಟ್ಟುಕೊಳ್ಳಿ: 100 × 143 ಮಿ.ಮೀ. ಸುತ್ತಲೂ ಸುಮಾರು ಎರಡೂವರೆ ಮಿಲಿಮೀಟರ್ ಅಂಚು ಉಳಿಯುತ್ತದೆ. ಸ್ಟ್ಯಾಂಪ್ ಒತ್ತುವುದು, ಬಣ್ಣ ಹಚ್ಚುವುದು ಎಲ್ಲವೂ ಈ ಫಲಕದ ಮೇಲೆ ಮತ್ತು ಬಿಡಿ ತುಂಡುಗಳ ಮೇಲೆ ನಡೆಯಲಿ. ಬುಡದ ಕಾರ್ಡಿನ ಮೇಲೆ ನೇರವಾಗಿ ಒತ್ತಬೇಡಿ. ಒಂದು ಕಲೆ ಬಿದ್ದರೂ ಇಡೀ ಕಾರ್ಡ್ ಹೋಗುತ್ತದೆ. ಫಲಕವಾದರೆ ಇನ್ನೊಂದು ಕತ್ತರಿಸಿದರಾಯಿತು.

ಇನ್ನೊಂದು ಕೆಲಸವನ್ನು ಈಗಲೇ ಮಾಡಿ ಮುಗಿಸಿ. ಚೀಟಿಯ ಮೇಲೆ ಬರೆದ ಸಾಲನ್ನು ಕಾರ್ಡಿನ ಒಳಗೆ ಬರೆಯಿರಿ. ಮುಂಭಾಗಕ್ಕೆ ಹೂವು, ಎಲೆ, ಫೋಮ್ ಟೇಪ್ ಅಂಟಿದ ಮೇಲೆ ಕಾರ್ಡ್ ಮೇಜಿನ ಮೇಲೆ ಸಮವಾಗಿ ಕೂರುವುದಿಲ್ಲ, ಅಕ್ಷರ ಓಡುವುದಿಲ್ಲ. ಹಾಳೆ ಚಪ್ಪಟೆಯಾಗಿರುವಾಗ ಬರೆದರೆ ಕೈ ನಿರಾಳವಾಗಿರುತ್ತದೆ. ತಪ್ಪಿದರೂ ಹೋಗುವುದು ಒಂದು ಮಡಿಸಿದ ಹಾಳೆ ಮಾತ್ರ.

ಎರಡನೆಯ ಹಂತ: ಇಂಕನ್ನು ಆರಿಸುವುದು

ಸ್ಟ್ಯಾಂಪ್ ಕೆಲಸದಲ್ಲಿ ಕೈಕೊಡುವುದು ಹೆಚ್ಚಾಗಿ ಇಂಕು. ಚಿತ್ರಕ್ಕೆ ಯಾವುದರಿಂದ ಬಣ್ಣ ತುಂಬುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕ ಇಂಕನ್ನು ಆಮೇಲೆ ಆರಿಸಿ.

ಆಲ್ಕೋಹಾಲ್ ಮಾರ್ಕರ್ ಬಳಸುವುದಾದರೆ ಅದರ ದ್ರಾವಣಕ್ಕೆ ಕರಗದ ಡೈ ಇಂಕು ಬೇಕು. ಮೆಮೆಂಟೊ ಎಂಬ ಬ್ರ್ಯಾಂಡ್ ಇದಕ್ಕೆ ಹೆಸರಾದದ್ದು. ಇಲ್ಲಿ ಡೈ ಎಂದರೆ ಬಣ್ಣದ್ರಾವಣ, ಕತ್ತರಿಸುವ ಡೈ ಅಲ್ಲ. ಕನ್ನಡದಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ಅಂಗಡಿಯಲ್ಲಿ ಕೇಳುವಾಗ ಬಿಡಿಸಿ ಹೇಳಿ. ಜಲವರ್ಣ ಹಚ್ಚುವುದಾದರೆ ಒಣಗಿದ ಮೇಲೆ ನೀರಿಗೆ ಜಗ್ಗದ ಇಂಕು ಬೇಕು. ವರ್ಸಾಫೈನ್‌ನಂತಹ ಎಣ್ಣೆ ಆಧಾರಿತ ಪಿಗ್ಮೆಂಟ್ (ಕರಗದ ಬಣ್ಣಕಣಗಳ) ಇಂಕು ಸಣ್ಣ ಗೆರೆಯನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ, ಆದರೆ ಒಣಗಲು ಅದಕ್ಕೆ ಹೊತ್ತು ಕೊಡಬೇಕು. ಬಣ್ಣದ ಪೆನ್ಸಿಲ್ ಆದರೆ ಯಾವ ಇಂಕೂ ನಡೆಯುತ್ತದೆ. ನಯವಾದ ಹೊಳಪು ಹಾಳೆ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತುವುದಾದರೆ ಸಾಲ್ವೆಂಟ್ ಇಂಕು ಬೇಕಾಗುತ್ತದೆ, ಏಕೆಂದರೆ ಉಳಿದ ಇಂಕುಗಳು ಅಲ್ಲಿ ಇಂಗದೆ ಮೇಲೆಯೇ ನಿಂತು ಸವರಿಹೋಗುತ್ತವೆ. ಪಾರದರ್ಶಕ ಸ್ಟ್ಯಾಂಪಿಗೆ ಸಾಲ್ವೆಂಟ್ ಇಂಕು ಹಾಕಿದರೆ ಕೂಡಲೇ ಒರೆಸಬೇಕು. ಬಿಟ್ಟರೆ ಕಾಲಕ್ರಮೇಣ ಅದು ಸ್ಟ್ಯಾಂಪನ್ನೇ ಹಾಳು ಮಾಡುತ್ತದೆ.

ಡಿಸ್ಟ್ರೆಸ್ ಇಂಕಿನಂಥ ಕೆಲವು ಇಂಕುಗಳು ನೀರು ತಾಗಿದರೆ ಬೇಕೆಂದೇ ಹರಡುವಂತೆ ತಯಾರಾಗಿರುತ್ತವೆ. ಹಿನ್ನೆಲೆಗೆ ಅವು ಬಲು ಚೆಂದ. ಗೆರೆ ಎಳೆಯಲು ಅವನ್ನು ನಂಬಬೇಡಿ.

ಏನೇ ಆಯ್ಕೆ ಮಾಡಿದರೂ, ಅದೇ ಹಾಳೆಯ ಚೂರಿನ ಮೇಲೆ ಒತ್ತಿ, ಹತ್ತು ನಿಮಿಷ ಬಿಟ್ಟು, ಅದೇ ಬಣ್ಣ ಹಚ್ಚಿ ನೋಡಿ. ಗೆರೆ ಹರಡದಿದ್ದರೆ ಮುಂದುವರಿಯಿರಿ.

ಮೂರನೆಯ ಹಂತ: ಸ್ಟ್ಯಾಂಪ್ ಒತ್ತುವುದು

ಹೊಸ ಪಾರದರ್ಶಕ ಸ್ಟ್ಯಾಂಪಿನ ಮೊದಲ ಅಚ್ಚು ಹೆಚ್ಚಾಗಿ ಚುಕ್ಕೆ ಚುಕ್ಕೆಯಾಗಿ ಬರುತ್ತದೆ. ತಯಾರಿಕೆಯಲ್ಲಿ ಉಳಿದ ಜಿಡ್ಡು ಇಂಕನ್ನು ದೂರ ತಳ್ಳುವುದೇ ಇದಕ್ಕೆ ಕಾರಣ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಸ್ಟ್ಯಾಂಪಿನ ಮೇಲ್ಮೈಯನ್ನು ಮೃದುವಾಗಿ ಉಜ್ಜಿ, ಒಂದೆರಡು ಸಲ ರದ್ದಿ ಹಾಳೆಯ ಮೇಲೆ ಒತ್ತಿದರೆ ಸರಿಹೋಗುತ್ತದೆ. ಕೆಂಪು ರಬ್ಬರಿನ ಸ್ಟ್ಯಾಂಪಿಗೆ ಈ ತೊಂದರೆ ಕಡಿಮೆ. ಅದರ ಬೆನ್ನಿಗೆ ಸಾಮಾನ್ಯವಾಗಿ ಮೆತ್ತೆ ಇರುತ್ತದೆ. ಪಾರದರ್ಶಕ ಸ್ಟ್ಯಾಂಪಿಗೆ ಮೆತ್ತೆಯಿಲ್ಲದ ಕಾರಣ ಹಾಳೆಯ ಅಡಿಯಲ್ಲಿ ತೆಳುವಾದ ಫೋಮ್ ಹಾಳೆ ಅಥವಾ ಮೌಸ್ ಪ್ಯಾಡ್ ಇಟ್ಟುಕೊಳ್ಳಿ. ಗಟ್ಟಿ ಮೇಜಿನ ಮೇಲೆ ನಡುಭಾಗ ಮೂಡದೆ ಉಳಿಯುವುದು ಇದರಿಂದ ತಪ್ಪುತ್ತದೆ.

ಇಂಕನ್ನು ಸ್ಟ್ಯಾಂಪಿಗೆ ತಟ್ಟಿ ತಟ್ಟಿ ಹಚ್ಚಬೇಕು, ಉಜ್ಜಬಾರದು. ದೊಡ್ಡ ಸ್ಟ್ಯಾಂಪಾದರೆ ಅದನ್ನು ಮೇಲ್ಮುಖವಾಗಿ ಇಟ್ಟುಕೊಂಡು ಇಂಕ್ ಪ್ಯಾಡನ್ನೇ ಬೋರಲು ಹಿಡಿದು ತಟ್ಟಿ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಎಲ್ಲಿ ಇಂಕು ತಾಗಿಲ್ಲವೋ ಅಲ್ಲಿ ಮಂಕಾಗಿ ಕಾಣುತ್ತದೆ. ಅಕ್ರಿಲಿಕ್ ಬ್ಲಾಕಿನ ಅಂಚಿಗೆ ಇಂಕು ಮೆತ್ತಿಕೊಂಡಿದ್ದರೆ ಒರೆಸಿಬಿಡಿ, ಇಲ್ಲದಿದ್ದರೆ ಅದೂ ಹಾಳೆಗೆ ಇಳಿಯುತ್ತದೆ. ಈಗ ನೇರವಾಗಿ ಕೆಳಗಿಳಿಸಿ, ನಾಲ್ಕೂ ಮೂಲೆ ಮತ್ತು ನಡುವೆ ಬೆರಳಿನಿಂದ ಒತ್ತಿ, ಮೂರು ನಾಲ್ಕು ಸೆಕೆಂಡ್ ಬಿಟ್ಟು, ನೇರವಾಗಿ ಮೇಲೆತ್ತಿ. ಅತ್ತಿತ್ತ ಅಲುಗಿಸಿದರೆ ಗೆರೆ ಎರಡಾಗುತ್ತದೆ.

ಕೀಲುಮುಚ್ಚಳವಿರುವ ಸ್ಟ್ಯಾಂಪಿಂಗ್ ಹಲಗೆ ನಿಮ್ಮಲ್ಲಿದ್ದರೆ ಅರ್ಧ ಭಯ ಹೋಯಿತು. ಹಾಳೆಯನ್ನು ಅಯಸ್ಕಾಂತದಿಂದ ಅದುಮಿ, ಸ್ಟ್ಯಾಂಪನ್ನು ಮುಚ್ಚಳಕ್ಕೆ ಅಂಟಿಸಿಕೊಂಡರೆ ಎಷ್ಟು ಸಲ ಒತ್ತಿದರೂ ಅಚ್ಚು ಅದೇ ಜಾಗಕ್ಕೆ ಬೀಳುತ್ತದೆ. ಮೊದಲ ಸಲ ಮಸುಕಾದರೆ ಮತ್ತೆ ಇಂಕು ಹಚ್ಚಿ ಒತ್ತಿದರಾಯಿತು. ಒಂದೇ ವಿನ್ಯಾಸದ ಇಪ್ಪತ್ತು ಕಾರ್ಡ್ ಮಾಡುವವರಿಗೆ ಇದಕ್ಕಿಂತ ಉಪಯುಕ್ತ ಸಾಧನ ಬೇರೊಂದಿಲ್ಲ.

ನಮ್ಮ ಹೂಗೊಂಚಲಿನಲ್ಲಿ ಒಂದು ಹೂವಿನ ಹಿಂದೆ ಇನ್ನೊಂದು ಹೂವು ಅಡಗಿದಂತೆ ಕಾಣಬೇಕು. ಇದಕ್ಕೆ ಮರೆ ಹಾಕುವ ವಿಧಾನವಿದೆ. ಕಣ್ಣಿಗೆ ಹತ್ತಿರವಿರುವ ಹೂವನ್ನು ಮೊದಲು ಒತ್ತಿ. ಅದೇ ಸ್ಟ್ಯಾಂಪನ್ನು ಅಂಟುಚೀಟಿಯ ಮೇಲೆ, ಅಂಟಿರುವ ಭಾಗ ಸೇರುವಂತೆ, ಒತ್ತಿ. ಗೆರೆಯ ಒಳಬದಿಗೆ ಕೂದಲೆಳೆಯಷ್ಟು ಸರಿದು ಕತ್ತರಿಸಿ, ಆ ಮರೆಯನ್ನು ಮೊದಲ ಹೂವಿನ ಮೇಲೆ ಕೂರಿಸಿ. ಈಗ ಎರಡನೆಯ ಹೂವನ್ನು ಅದರ ಮೇಲೆ ಅರ್ಧ ಹಾಯುವಂತೆ ಒತ್ತಿ. ಮರೆ ತೆಗೆದಾಗ ಎರಡನೆಯ ಹೂವು ಹಿಂದೆ ಸರಿದು ನಿಂತಿರುತ್ತದೆ. ಮೊದಲು ಒತ್ತಿದ್ದು ಮುಂದೆ, ಆಮೇಲೆ ಒತ್ತಿದ್ದು ಹಿಂದೆ ಎಂಬುದನ್ನು ಮರೆಯದಿದ್ದರೆ ಎರಡೇ ಸ್ಟ್ಯಾಂಪಿನಿಂದ ಒಂದು ತೋಟವನ್ನೇ ಕಟ್ಟಬಹುದು. ಮೊದಲ ಸಲ ಈ ಮರೆಯನ್ನು ಎತ್ತಿ ನೋಡಿದಾಗ ಆದ ಸಂತೋಷ ನನಗೆ ಇಂದಿಗೂ ಹಾಗೆಯೇ ಇದೆ.

ಹಿನ್ನೆಲೆಗೆ ಇನ್ನೊಂದು ಸರಳ ಉಪಾಯ: ಒಮ್ಮೆ ರದ್ದಿ ಹಾಳೆಯ ಮೇಲೆ ಒತ್ತಿ, ಮತ್ತೆ ಇಂಕು ಹಚ್ಚದೆ ಫಲಕದ ಮೇಲೆ ಒತ್ತಿ. ಬಣ್ಣ ಅರ್ಧಕ್ಕಿಳಿದು ದೂರದ ಹೂವಿನಂತೆ ಕಾಣುತ್ತದೆ.

ನಾಲ್ಕನೆಯ ಹಂತ: ಬಣ್ಣ

ಬಣ್ಣ ತುಂಬುವುದೇ ಒಂದು ಬೇರೆ ವಿದ್ಯೆ, ಇಲ್ಲಿ ಚುಟುಕಾಗಿ ಹೇಳುತ್ತೇನೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಪೆನ್ಸಿಲಿನಿಂದ ಮೂಲೆಯಲ್ಲಿ ಸಣ್ಣ ಬಾಣ ಹಾಕಿಕೊಳ್ಳಿ. ಪ್ರತಿ ದಳಕ್ಕೂ ಒಂದೇ ಬಣ್ಣದ ಮೂರು ಛಾಯೆ ಸಾಕು: ಬುಡಕ್ಕೆ ಗಾಢ, ನಡುವೆ ಮಧ್ಯಮ, ತುದಿಗೆ ತಿಳಿ. ಮಾರ್ಕರಿನಲ್ಲಿ ತಿಳಿ ಬಣ್ಣದಿಂದ ಗಾಢಕ್ಕೆ ಹೋಗಿ, ಮತ್ತೆ ತಿಳಿ ಬಣ್ಣದಿಂದ ಗಡಿಯನ್ನು ಬೆರೆಸಿ. ಮಾರ್ಕರಿಗೆ ನಯವಾದ, ಒತ್ತಾದ ಹಾಳೆ ಬೇಕು. ಜಲವರ್ಣಕ್ಕೆ 300 ಜಿಎಸ್‌ಎಂ ಜಲವರ್ಣ ಹಾಳೆ, ಅದರಲ್ಲೂ ನಯವಾದ ಹಾಟ್ ಪ್ರೆಸ್ ಬಗೆಯದು ಒಳ್ಳೆಯದು. ತರಿತರಿ ಹಾಳೆಯ ಮೇಲೆ ಸ್ಟ್ಯಾಂಪಿನ ಸಣ್ಣ ಗೆರೆಗಳು ಮುರಿದು ಬೀಳುತ್ತವೆ.

ಹಿನ್ನೆಲೆಯ ಫಲಕಕ್ಕೆ ಮಸುಕು ಬಣ್ಣ ಹಚ್ಚಲು ಇಂಕ್ ಬ್ಲೆಂಡಿಂಗ್ ಬ್ರಷ್ ಅಥವಾ ಸ್ಪಂಜು ಬಳಸಿ. ಬ್ರಷ್ಷನ್ನು ನೇರವಾಗಿ ಫಲಕದ ಮೇಲೆ ಊರಬೇಡಿ, ಅಲ್ಲಿ ತೆಗೆಯಲಾಗದ ಗುರುತು ಬೀಳುತ್ತದೆ. ಅಡಿಯಲ್ಲಿ ಹಾಸಿದ ರದ್ದಿ ಹಾಳೆಯಿಂದ ಆರಂಭಿಸಿ, ಸುತ್ತುತ್ತಾ ಸುತ್ತುತ್ತಾ ಫಲಕದ ಒಳಗೆ ಬನ್ನಿ. ಕೈ ಹಗುರವಾಗಿರಲಿ. ಬಣ್ಣ ಇನ್ನೂ ಸ್ವಲ್ಪ ಬೇಕು ಅನ್ನಿಸುವಾಗಲೇ ನಿಲ್ಲಿಸುವುದು ಕ್ಷೇಮ.

ಐದನೆಯ ಹಂತ: ಡೈ ಕಟ್

ತೆಳುವಾದ ಉಕ್ಕಿನ ಡೈಯ ಒಂದು ಬದಿಯಲ್ಲಿ ಎದ್ದುನಿಂತ ಅಂಚು ಇರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಆ ಅಂಚು ಹಾಳೆಯ ಕಡೆಗೆ ಇರಬೇಕು. ಸಾಮಾನ್ಯ ಜೋಡಣೆ ಹೀಗೆ: ಎಲ್ಲಕ್ಕಿಂತ ಕೆಳಗೆ ಯಂತ್ರದ ಬುಡದ ಹಲಗೆ, ಅದರ ಮೇಲೆ ಪಾರದರ್ಶಕ ಕಟಿಂಗ್ ಪ್ಲೇಟ್, ಅದರ ಮೇಲೆ ಹಾಳೆ, ಹಾಳೆಯ ಮೇಲೆ ಅಂಚು ಕೆಳಮುಖವಾಗಿರುವ ಡೈ, ಎಲ್ಲಕ್ಕೂ ಮೇಲೆ ಇನ್ನೊಂದು ಕಟಿಂಗ್ ಪ್ಲೇಟ್. ಯಂತ್ರದಿಂದ ಯಂತ್ರಕ್ಕೆ ಪ್ಲೇಟುಗಳ ದಪ್ಪ ಮತ್ತು ಕ್ರಮ ಬದಲಾಗುತ್ತವೆ, ನಿಮ್ಮ ಯಂತ್ರದ ಜೊತೆ ಬಂದ ಸೂಚನೆಯನ್ನೇ ಪಾಲಿಸಿ.

ಒತ್ತುವಾಗ ಪ್ಲೇಟುಗಳು ಕಟಕಟ ಎನ್ನುವುದು ಸಹಜ. ಆದರೆ ಹಿಡಿಕೆ ತಿರುಗಿಸಲು ಮೈಬಲವೆಲ್ಲ ಬೇಕಾದರೆ ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಹೊರತೆಗೆಯಿರಿ. ಜೋಡಣೆ ಅಗತ್ಯಕ್ಕಿಂತ ದಪ್ಪವಾಗಿದೆ ಎಂದೇ ಅದರ ಅರ್ಥ. ಬಲವಂತ ಮಾಡಿದರೆ ಡೈ ಬಾಗುತ್ತದೆ, ಯಂತ್ರವೂ ಕೆಡುತ್ತದೆ. ಇದಕ್ಕೆ ವಿರುದ್ಧವಾಗಿ ಕೆಲವು ಕಡೆ ಕತ್ತರಿಸದೇ ಉಳಿದರೆ ಒಂದು ತೆಳು ಹಾಳೆಯನ್ನು ಪ್ಲೇಟಿನ ಜೊತೆ ಸೇರಿಸಿ ಮತ್ತೆ ಹಾಯಿಸಿ. ಅದೂ ಸಾಲದಿದ್ದರೆ ಇನ್ನೊಂದು ಹಾಳೆ. ಒಂದೊಂದಾಗಿಯೇ ಸೇರಿಸಬೇಕು.

ನೇರ ಅಂಚಿರುವ ಡೈಯನ್ನು ಉರುಳೆಗೆ ಸಮಾನಾಂತರವಾಗಿ ಇಟ್ಟರೆ ಇಡೀ ಅಂಚಿಗೆ ಒಂದೇ ಸಲ ಒತ್ತಡ ಬಿದ್ದು ಯಂತ್ರ ತಡವರಿಸುತ್ತದೆ. ಸ್ವಲ್ಪ ಓರೆಯಾಗಿ ಇಟ್ಟರೆ ಒತ್ತಡ ಬಿಂದುವಿನಿಂದ ಬಿಂದುವಿಗೆ ಸಾಗುತ್ತದೆ. ಯಾವಾಗಲೂ ಪ್ಲೇಟಿನ ನಡುವೆಯೇ ಇಡದೆ ಜಾಗ ಬದಲಿಸಿ. ಪ್ಲೇಟುಗಳನ್ನು ಆಗಾಗ ಮಗುಚಿ ಹಾಕುತ್ತಿರಿ, ಇಲ್ಲದಿದ್ದರೆ ಅವು ಒಂದೇ ಕಡೆಗೆ ಬಿಲ್ಲಿನಂತೆ ಬಾಗುತ್ತವೆ.

ಎಲೆಯ ನರಗಳು, ಜಾಲರಿ ಇತ್ಯಾದಿ ಸೂಕ್ಷ್ಮ ವಿನ್ಯಾಸದ ಡೈಗಳಲ್ಲಿ ಹಾಳೆ ಸಿಕ್ಕಿಹಾಕಿಕೊಳ್ಳುತ್ತದೆ. ಡೈ ಮತ್ತು ಹಾಳೆಯ ನಡುವೆ ಮೇಣದ ಕಾಗದದ ತುಂಡು ಇಟ್ಟರೆ ಹಾಳೆ ಸಲೀಸಾಗಿ ಬಿಡುತ್ತದೆ. ಮೊದಲು ಒಂದು ದಿಕ್ಕಿನಲ್ಲಿ, ಆಮೇಲೆ ಡೈಯನ್ನು ಹಾಳೆಯ ಸಮೇತ ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಹಾಯಿಸಿ. ಹೊರತೆಗೆಯಲು ಎಳೆಯಬೇಡಿ. ಡೈಯ ಹಿಂಬದಿಯ ಸಣ್ಣ ರಂಧ್ರಗಳಿಂದ ಸೂಜಿ ತೂರಿಸಿ ಮೆಲ್ಲಗೆ ತಳ್ಳಿ. ಅವಸರ ಪಟ್ಟರೆ ಎಲೆಯ ತೊಟ್ಟು ಮುರಿಯುವುದು ಖಂಡಿತ.

ಈಗ ಬಣ್ಣ ತುಂಬಿದ ಹೂಗೊಂಚಲನ್ನು ಅದಕ್ಕೆ ಹೊಂದುವ ಡೈಯಿಂದ ಕತ್ತರಿಸಬೇಕು. ಇಂತಹ ಜೋಡಿ ಡೈಗಳು ಸಾಮಾನ್ಯವಾಗಿ ಚಿತ್ರದ ಸುತ್ತ ತೆಳುವಾದ ಬಿಳಿ ಅಂಚನ್ನು ಉಳಿಸುತ್ತವೆ. ಅಂಚು ಎಲ್ಲ ಕಡೆಗೂ ಸಮನಾಗಿ ಕಾಣುವವರೆಗೆ ಡೈಯನ್ನು ಸರಿಸಿ, ಸುಲಭವಾಗಿ ಕಿತ್ತುಬರುವ ಕಾಗದದ ಟೇಪಿನ ಎರಡು ತುಂಡುಗಳಿಂದ ಹಿಡಿಸಿ. ಟೇಪಿನ ಬಿಗಿಯನ್ನು ಮೊದಲೇ ಬಟ್ಟೆಗೆ ಒತ್ತಿ ತಗ್ಗಿಸಿಕೊಂಡರೆ ಹಾಳೆಯ ಮೇಲ್ಪದರ ಕಿತ್ತು ಬರುವುದಿಲ್ಲ. ಹಲವು ಕಾರ್ಡುಗಳಿಗೆ ಒಂದೇ ಚಿತ್ರ ಬೇಕಿದ್ದರೆ ಕ್ರಮವನ್ನೇ ತಿರುವುಮುರುವು ಮಾಡಿ. ಮೊದಲು ಖಾಲಿ ಹಾಳೆಯಲ್ಲಿ ಡೈ ಕತ್ತರಿಸಿ, ಉಳಿದ ಕಿಂಡಿ ಹಾಳೆಯನ್ನು ಸ್ಟ್ಯಾಂಪಿಂಗ್ ಹಲಗೆಯಲ್ಲಿ ಕೂರಿಸಿ, ಆ ಕಿಂಡಿಯೊಳಗೆ ಕತ್ತರಿಸಿದ ತುಂಡನ್ನು ಇಟ್ಟು ಸ್ಟ್ಯಾಂಪ್ ಒತ್ತಿ. ಒಮ್ಮೆ ಸರಿಯಾಗಿ ಹೊಂದಿಸಿದರೆ ಮುಂದಿನ ತುಂಡುಗಳೆಲ್ಲ ಅದೇ ಕಿಂಡಿಯಲ್ಲಿ ಕೂರುತ್ತವೆ, ಪ್ರತಿ ಸಲ ಟೇಪು ಹಚ್ಚುವ ಕೆಲಸವಿಲ್ಲ.

ಕಿಂಡಿ ಹಾಳೆಯನ್ನು ಎಸೆಯಬೇಡಿ. ಅದರ ಹಿಂದೆ ಬೇರೆ ಬಣ್ಣದ ಹಾಳೆ ಅಂಟಿಸಿದರೆ ಅದೇ ಇನ್ನೊಂದು ಕಾರ್ಡಿನ ಮುಖವಾಗುತ್ತದೆ. 1840ರ ದಶಕದ ಕೊನೆಯಲ್ಲಿ ಅಮೆರಿಕದ ವುಸ್ಟರ್ ನಗರದಲ್ಲಿ ಎಸ್ತರ್ ಹೌಲ್ಯಾಂಡ್ ಎಂಬಾಕೆ ಲೇಸ್ ಕಾಗದದ ರಂಧ್ರಗಳ ಹಿಂದೆ ಬಣ್ಣದ ಕಾಗದ ಕೂರಿಸಿ ಪ್ರೇಮಪತ್ರಗಳನ್ನು ಮಾಡಿ ಮಾರುತ್ತಿದ್ದರು. ಪದರದ ಮೇಲೆ ಪದರ ಹೇರಿದಾಗ ಕಾಗದಕ್ಕೆ ಆಳ ಬರುತ್ತದೆ ಎಂಬುದನ್ನು ಅಂದಿನವರು ಯಂತ್ರವಿಲ್ಲದ ಮೇಜಿನ ಮೇಲೆಯೇ ಕಂಡುಕೊಂಡಿದ್ದರು.

ಯಂತ್ರವಿಲ್ಲದವರು ಚಿತ್ರದ ಸುತ್ತ ಒಂದೂವರೆ ಮಿಲಿಮೀಟರ್ ಬಿಳಿ ಅಂಚು ಬಿಟ್ಟು ಸಣ್ಣ ಮೊನೆಯ ಕತ್ತರಿಯಿಂದ ಕತ್ತರಿಸಬಹುದು. ಕತ್ತರಿ ಹಿಡಿದ ಕೈ ನಿಂತಲ್ಲೇ ಇರಲಿ, ಹಾಳೆ ತಿರುಗಲಿ. ಒಳಗಿನ ಸಣ್ಣ ಕಿಂಡಿಗಳನ್ನು ಹೊರಗಿನ ಗೆರೆಗಿಂತ ಮೊದಲೇ ಕಟರಿನಿಂದ ತೆಗೆದುಬಿಡಿ, ಹಿಡಿದುಕೊಳ್ಳಲು ಹಾಳೆ ದೊಡ್ಡದಿರುವಾಗಲೇ.

ಎಲೆಗಳಿಗೆ ಎರಡು ಹಸಿರು ಹಾಳೆ ತೆಗೆದುಕೊಳ್ಳಿ, ಒಂದು ಗಾಢ, ಒಂದು ತಿಳಿ. ಒಂದೊಂದರಲ್ಲಿ ಮೂರು ನಾಲ್ಕು ಕತ್ತರಿಸಿ. ಬೋನ್ ಫೋಲ್ಡರಿನ ಅಂಚಿಗೆ ಎಲೆಯನ್ನು ಎಳೆದರೆ ಅದು ಸಹಜವಾಗಿ ಬಾಗಿಕೊಳ್ಳುತ್ತದೆ.

ಆರನೆಯ ಹಂತ: ಎದ್ದು ಕಾಣುವ ಅಕ್ಷರ

ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರಗಳು ಉಬ್ಬಿ ಹೊಳೆಯಬೇಕಾದರೆ ಹೀಟ್ ಎಂಬಾಸಿಂಗ್, ಅಂದರೆ ಪುಡಿಯನ್ನು ಬಿಸಿಗೆ ಕರಗಿಸಿ ಅಕ್ಷರ ಉಬ್ಬಿಸುವ ಕೆಲಸ, ಮಾಡಬೇಕು. ಮೊದಲು ಪಟ್ಟಿಯನ್ನು ಆಂಟಿ ಸ್ಟ್ಯಾಟಿಕ್ ಪುಡಿಯ ಗಂಟಿನಿಂದ ಒರೆಸಿ. ಈ ಹೆಜ್ಜೆ ಬಿಟ್ಟರೆ ಪುಡಿ ಎಲ್ಲೆಂದರಲ್ಲಿ ಅಂಟಿ ಅಕ್ಷರದ ಸುತ್ತ ಬಿಳಿ ಧೂಳು ಕಾಣುತ್ತದೆ. ವರ್ಸಾಮಾರ್ಕ್‌ನಂತಹ ಅಂಟಂಟಾದ, ಬಣ್ಣವಿಲ್ಲದ ಇಂಕಿನಿಂದ ಅಕ್ಷರ ಒತ್ತಿ, ಕೂಡಲೇ ಬಿಳಿ ಎಂಬಾಸಿಂಗ್ ಪುಡಿ ಸುರಿಯಿರಿ. ಮಡಿಸಿದ ಹಾಳೆಯ ಮೇಲೆ ಕೊಡವಿದರೆ ಉಳಿದ ಪುಡಿಯನ್ನು ಡಬ್ಬಿಗೆ ಮರಳಿ ಹಾಕಬಹುದು. ದಾರಿತಪ್ಪಿದ ಕಣಗಳನ್ನು ಒಣ ಕುಂಚದಿಂದ ತೆಗೆಯಿರಿ.

ಬಿಸಿಗಾಳಿ ಬಿಡುವ ಹೀಟ್ ಗನ್ನನ್ನು ಹಾಳೆಯಿಂದ ದೂರ ಹಿಡಿದು ಹತ್ತು ಸೆಕೆಂಡ್ ಕಾಯಿಸಿಕೊಳ್ಳಿ. ಆಮೇಲೆ ಐದಾರು ಸೆಂಟಿಮೀಟರ್ ಅಂತರದಲ್ಲಿ ಹತ್ತಿರ ತನ್ನಿ. ಪುಡಿ ಕರಗಿ ಹೊಳಪು ಬರುವುದು ಕಣ್ಣಿಗೆ ಕಾಣುತ್ತದೆ. ಹೊಳಪು ಬಂದ ಕಡೆಯಿಂದ ತಕ್ಷಣ ಮುಂದಕ್ಕೆ ಸರಿಯಿರಿ. ಹೆಚ್ಚು ಕಾಯಿಸಿದರೆ ಪುಡಿ ಹಾಳೆಯೊಳಗೆ ಇಂಗಿ ಎಣ್ಣೆ ಕಲೆಯಂತೆ ಮಂಕಾಗುತ್ತದೆ, ಅದನ್ನು ಸರಿಪಡಿಸಲು ಆಗುವುದಿಲ್ಲ. ಕೂದಲು ಒಣಗಿಸುವ ಯಂತ್ರದಿಂದ ಈ ಕೆಲಸ ಆಗದು: ಬಿಸಿ ಸಾಲದು, ಗಾಳಿಯ ರಭಸಕ್ಕೆ ಪುಡಿ ಹಾರಿಹೋಗುತ್ತದೆ. ಪಟ್ಟಿಯನ್ನು ಚಿಮ್ಮಟದಲ್ಲಿ ಹಿಡಿಯಿರಿ, ಬೆರಳಿನಲ್ಲಿ ಬೇಡ. ಮಕ್ಕಳು ಜೊತೆಗಿದ್ದರೆ ಈ ಹಂತ ದೊಡ್ಡವರದ್ದೇ. ಫೋಮ್ ಟೇಪ್, ಪ್ಲಾಸ್ಟಿಕ್ ಹಾಳೆ ಇವೆಲ್ಲ ಬಿಸಿಗೆ ಕರಗಿ ಮುದುಡುವುದರಿಂದ ಎಂಬಾಸಿಂಗ್ ಮುಗಿದ ಮೇಲೆಯೇ ಜೋಡಣೆಗೆ ಹೋಗಿ.

ಕನ್ನಡ ಅಕ್ಷರ ಬೇಕೆನ್ನುವವರಿಗೆ

ಸಿದ್ಧ ಸ್ಟ್ಯಾಂಪುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಕನ್ನಡದ ಒಂದು ಪದವನ್ನು ನೀವೇ ಕೆತ್ತಿಕೊಳ್ಳಬಹುದು, ಅದು ಅಂದುಕೊಂಡಷ್ಟು ಕಷ್ಟವಲ್ಲ. ದೊಡ್ಡ ರಬ್ಬರ್ ತುಂಡು ಅಥವಾ ಕೆತ್ತನೆಗೆಂದೇ ಸಿಗುವ ಮೃದು ಫಲಕ ಸಾಕು. ಟ್ರೇಸಿಂಗ್ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಪದವನ್ನು ದಪ್ಪವಾಗಿ ಬರೆಯಿರಿ. ಆ ಕಾಗದವನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿ. ಪದ ತಾನಾಗಿಯೇ ಕನ್ನಡಿಯ ಬಿಂಬದಂತೆ ತಿರುಗಿ ಮೂಡುತ್ತದೆ. ಒತ್ತಿದಾಗ ಸರಿಯಾಗಿ ಬರಬೇಕಾದರೆ ಅದು ಹಾಗೆಯೇ ಇರಬೇಕು. ಅಕ್ಷರದ ಸುತ್ತಲಿನ ಭಾಗವನ್ನು ಕೆತ್ತಿ ತೆಗೆಯುವಾಗ ಅಲಗನ್ನು ಅಕ್ಷರದಿಂದ ಹೊರಕ್ಕೆ ಓರೆಯಾಗಿ ಹಿಡಿಯಿರಿ. ಆಗ ಅಕ್ಷರದ ಬುಡ ಅಗಲವಾಗಿ ಉಳಿದು ಒತ್ತುವಾಗ ಬಾಗುವುದಿಲ್ಲ. ಅಡಿಯಲ್ಲೇ ಕೊರೆದರೆ ಗೆರೆ ಬೇಗ ಮುರಿಯುತ್ತದೆ.

ಕಾಗದದಲ್ಲಿ ಕನ್ನಡ ಅಕ್ಷರಗಳನ್ನು ಕತ್ತರಿಸುವುದು ಬೇರೆಯೇ ಕಥೆ. ರ, ಠ ಇಂಥ ಅಕ್ಷರಗಳಲ್ಲಿ ಮುಚ್ಚಿದ ಸುತ್ತು ಇರುವುದರಿಂದ ಕಿಂಡಿಯಾಗಿ ಕತ್ತರಿಸಿದರೆ ನಡುವಿನ ಚೂರು ಉದುರಿಹೋಗುತ್ತದೆ. ಬಿಡಿ ಅಕ್ಷರವಾಗಿ ಕತ್ತರಿಸಿದರೆ ಒತ್ತಕ್ಷರ ಮೂಲ ಅಕ್ಷರದಿಂದ ಕಳಚಿಕೊಳ್ಳುವ ಸಂಭವವಿದೆ. ಹಾಗಾಗಿ ಬರೆಯುವಾಗಲೇ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗುವಂತೆ ಬರೆಯಿರಿ, ಕಿಂಡಿಯಾದರೆ ನಡುವಿನ ಚೂರನ್ನು ಹಿಡಿದಿಡಲು ಒಂದು ಸಣ್ಣ ಸೇತುವೆ ಬಿಡಿ. ಇಷ್ಟೆಲ್ಲ ಬೇಡವೆಂದರೆ ಬಿಳಿ ಜೆಲ್ ಪೆನ್ನಿನಿಂದ ಪಟ್ಟಿಯ ಮೇಲೆ ಕೈಯಲ್ಲೇ ಬರೆಯಿರಿ. ಅಚ್ಚಿನ ಇಂಗ್ಲಿಷ್ ಸಾಲಿಗಿಂತ ಕೈಬರಹದ ಕನ್ನಡ ಪದವೇ ನನಗೆ ಹೆಚ್ಚು ಇಷ್ಟ.

ಏಳನೆಯ ಹಂತ: ಜೋಡಣೆ

ಅಂಟು ಹಚ್ಚುವ ಮೊದಲು ಎಲ್ಲ ತುಂಡುಗಳನ್ನೂ ಫಲಕದ ಮೇಲೆ ಬರಿದೆ ಜೋಡಿಸಿ. ಎಲೆಗಳನ್ನು ಅಲ್ಲಿ ಇಲ್ಲಿ ಸರಿಸಿ, ಒಂದೆರಡನ್ನು ತೆಗೆದುಹಾಕಿ ನೋಡಿ. ಹೂಗೊಂಚಲು ಒಂದೇ ಕಣ್ಸೆಳೆಯುವ ವಸ್ತುವಾಗಿರಲಿ. ಪಟ್ಟಿ ಅದಕ್ಕೆ ತಾಗಿಯೋ ಸ್ವಲ್ಪ ಹಾಯ್ದೋ ಇರಲಿ. ದೂರದ ಮೂಲೆಯಲ್ಲಿ ಇಟ್ಟರೆ ಕಾರ್ಡ್ ಎರಡಾಗಿ ಒಡೆದಂತೆ ಕಾಣುತ್ತದೆ. ಜೋಡಣೆ ಒಪ್ಪಿಗೆಯಾದಾಗ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಅಂಟು ಹಚ್ಚಲು ಒಂದೊಂದಾಗಿ ಎತ್ತಿದ ಮೇಲೆ ಯಾವ ಎಲೆ ಎಲ್ಲಿತ್ತು ಎಂಬುದು ಖಂಡಿತ ಮರೆತುಹೋಗುತ್ತದೆ.

ಹಿನ್ನೆಲೆಯ ಫಲಕವನ್ನು ಬುಡದ ಕಾರ್ಡಿಗೆ ದ್ರವದ ಅಂಟಿನಿಂದ ಅಂಟಿಸಿ. ಒಣಗುವ ಮುನ್ನ ಅತ್ತಿತ್ತ ಸರಿಸಿ ಅಂಚು ಸಮ ಮಾಡಿಕೊಳ್ಳಲು ಅದರಲ್ಲಿ ಅವಕಾಶವಿದೆ, ಎರಡು ಬದಿಯ ಟೇಪಿನಲ್ಲಿ ಆ ಅವಕಾಶವಿಲ್ಲ. ಆದರೆ ಅಂಟು ತೆಳುವಾಗಿರಲಿ, ಹೆಚ್ಚಾದರೆ ತೇವಕ್ಕೆ ಹಾಳೆ ಸುರುಳಿಯಾಗುತ್ತದೆ. ಅಂಟಿಸಿದ ಮೇಲೆ ಭಾರದ ಪುಸ್ತಕದ ಅಡಿ ಹತ್ತು ನಿಮಿಷ ಇಡಿ. ಎಲೆಗಳ ತೊಟ್ಟಿಗೆ ಮಾತ್ರ ಸೂಜಿಮೊನೆಯಷ್ಟು ಅಂಟು ಹಚ್ಚಿ, ತುದಿ ಮೇಲೆದ್ದಿರಲಿ. ಜಾಲರಿಯಂತಹ ಸೂಕ್ಷ್ಮ ಡೈ ಕಟ್ಟಿಗೆ ಅಂಟು ಹಚ್ಚುವುದು ತಾಳ್ಮೆಗೆಡಿಸುವ ಕೆಲಸ. ಅಂಥ ಹಾಳೆಯ ಹಿಂಬದಿಗೆ ಎರಡು ಬದಿಯ ಅಂಟುಹಾಳೆಯನ್ನು ಕತ್ತರಿಸುವ ಮುನ್ನವೇ ಅಂಟಿಸಿಬಿಟ್ಟರೆ ಕತ್ತರಿಸಿದ ತುಂಡು ಸ್ಟಿಕರಿನಂತೆ ಬರುತ್ತದೆ.

ಹೂಗೊಂಚಲಿಗೆ ಫೋಮ್ ಟೇಪ್. ಅಂಚಿಗೆ ಮಾತ್ರ ಹಾಕಿ ನಡುವೆ ಖಾಲಿ ಬಿಟ್ಟರೆ ಲಕೋಟೆಯಲ್ಲಿ ಒತ್ತಿ ಕುಸಿಯುತ್ತದೆ, ನಡುವೆಯೂ ಒಂದೆರಡು ತುಂಡು ಕೊಡಿ. ಜಾಗ ತಪ್ಪುವ ಭಯವಿದ್ದರೆ ಫೋಮಿನ ಮೇಲೆ ಒಂದು ಹನಿ ದ್ರವದ ಅಂಟನ್ನೂ ಹಚ್ಚಿ. ಸರಿಸಿ ಕೂರಿಸಲು ಕೆಲವು ಕ್ಷಣ ಸಿಗುತ್ತವೆ. ಪಟ್ಟಿಯನ್ನು ಕೊನೆಗೆ ಅಂಟಿಸಿ.

ಫೋಮ್ ಇಲ್ಲದೆಯೂ ಎತ್ತರ ತರಬಹುದು. ಒಂದೇ ಡೈಯನ್ನು ನಾಲ್ಕು ಸಲ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಮರದ ತುಂಡಿನಂತೆ ಗಟ್ಟಿಯಾಗುತ್ತದೆ. ಕೆಳಗಿನ ಮೂರು ಪದರಗಳಿಗೆ ರದ್ದಿ ಕಾರ್ಡ್‌ಸ್ಟಾಕ್ ಸಾಕು.

ಲಕೋಟೆ ಮತ್ತು ಶುಚಿ

ಕಾರ್ಡ್ ಪೂರ್ತಿ ಒಣಗುವವರೆಗೆ ಲಕೋಟೆಗೆ ಹಾಕಬೇಡಿ. ಅದರಲ್ಲೂ ಪಿಗ್ಮೆಂಟ್ ಇಂಕು ಬಳಸಿದ್ದರೆ ಒಂದು ರಾತ್ರಿ ತೆರೆದಿಟ್ಟರೆ ಒಳ್ಳೆಯದು. ಅಂಚೆಯಲ್ಲಿ ಕಳಿಸುವುದಾದರೆ ಮುಂಭಾಗದ ಮೇಲೆ ತೆಳುವಾದ ಹಾಳೆಯೊಂದನ್ನು ಮುಚ್ಚಿ, ಗಟ್ಟಿ ಹಾಳೆಯ ಲಕೋಟೆ ಬಳಸಿ. ಉಬ್ಬು ಹೆಚ್ಚಿದ್ದರೆ ಒಂದು ಅಳತೆ ದೊಡ್ಡ ಲಕೋಟೆ ಬೇಕು. ಅಂಚೆ ದರ ತೂಕ ಮತ್ತು ದಪ್ಪ ಎರಡನ್ನೂ ಅವಲಂಬಿಸಿರಬಹುದು, ಕಳಿಸುವ ಮುನ್ನ ವಿಚಾರಿಸಿಕೊಳ್ಳಿ.

ಸ್ಟ್ಯಾಂಪುಗಳನ್ನು ಅಂದೇ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಅವುಗಳ ಮೂಲ ಹಾಳೆಗೆ ಮರಳಿ ಅಂಟಿಸಿ. ಕಪ್ಪು ಇಂಕಿನ ಕಲೆ ಉಳಿದರೂ ಅಚ್ಚಿಗೆ ತೊಂದರೆಯಿಲ್ಲ. ಬ್ಲಾಕಿಗೆ ಅಂಟಿಕೊಳ್ಳುವ ಗುಣ ಕಡಿಮೆಯಾದರೆ ಹನಿ ಸೋಪು ಹಾಕಿ ನೀರಿನಲ್ಲಿ ತೊಳೆದರೆ ಮರಳಿ ಬರುತ್ತದೆ. ಬಿಸಿಲು ಬೀಳುವ ಕಡೆ ಇಡಬೇಡಿ, ಪಾರದರ್ಶಕ ಸ್ಟ್ಯಾಂಪುಗಳು ಬಿಸಿಲಿಗೆ ಹಳದಿಯಾಗಿ ಬಿರುಸಾಗುತ್ತವೆ. ಡೈಗಳನ್ನು ಅಯಸ್ಕಾಂತದ ಹಾಳೆಯ ಮೇಲೆ, ಅವುಗಳ ಜೋಡಿ ಸ್ಟ್ಯಾಂಪಿನ ಜೊತೆಗೇ ಒಂದು ಚೀಲದಲ್ಲಿ ಇಡಿ. ಬೇರೆ ಬೇರೆ ಇಟ್ಟರೆ ಮುಂದಿನ ಸಲ ಕಾರ್ಡ್ ಮಾಡುವ ಹೊತ್ತಿನಲ್ಲಿ ಅರ್ಧ ಹುಡುಕುವುದಕ್ಕೇ ಹೋಗುತ್ತದೆ. ಮಿಕ್ಕ ಎಲೆಗಳನ್ನೂ ಕಿಂಡಿ ಹಾಳೆಗಳನ್ನೂ ಅದೇ ಚೀಲಕ್ಕೆ ಸೇರಿಸಿ. ಮುಂದಿನ ಚೀಟಿಯಲ್ಲಿ ಬರೆಯುವ ಸಾಲಿಗೆ ಅವುಗಳಲ್ಲಿ ಒಂದು ಸರಿಹೊಂದಬಹುದು.